ಹೊದಿಕೆಯ ಕಾಗದದಲ್ಲಿ ಔಚಿತ್ಯ

ಕಾವ್ಯಕ್ಕೆ ಜೀವವಾದುದು ಔಚಿತ್ಯವೆಂದು ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಪ್ರತಿಪಾದಿಸಿದನು. ಅಲಂಕಾರವು ತಕ್ಕ ಎಡೆಯಲ್ಲಿದ್ದರೆ ಶೋಭೆ, ಎಡೆತಪ್ಪಿದರೆ ಭಾರ. ಈ ತತ್ತ್ವವು ಬೆಲೆಯುಳ್ಳ ಸರಕಿನ ಪೆಟ್ಟಿಗೆಗೂ ಅದಕ್ಕೆ ಅಂಟಿಸುವ ಲೇಬಲ್ಲಿಗೂ ಸಲ್ಲತಕ್ಕದ್ದೆಂದರೆ ಸಾಹಿತ್ಯಪ್ರಿಯರು ನಗಲಾರರೆಂದು ನಂಬುತ್ತೇನೆ.

ನಮ್ಮ ಮೈಸೂರು ಸ್ಯಾಂಡಲ್ ಸೋಪನ್ನೇ ನೋಡಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಈ ಸಾಬೂನಿಗೆ ಒಡವೆಯ ಪೆಟ್ಟಿಗೆಯನ್ನು ಹೋಲುವ ರಟ್ಟಿನ ಡಬ್ಬಿಯೂ ಶರಭದ ಲಾಂಛನವೂ ದೊರೆತುವು. ಗಂಧವನ್ನು ಒಡವೆಯಂತೆ ಕಾಣುವ ಭಾವನೆ ಈ ನಾಡಿನಲ್ಲಿ ಮೊದಲೇ ಇದ್ದುದರಿಂದ ಆ ಸಿಂಗಾರ ಹೊರಗಿನಿಂದ ಹೇರಿದಂತೆ ತೋರಲಿಲ್ಲ.

ಕಾಗದದ ಮೈಯನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಬಿಳಿಯ ಜೇಡಿಮಣ್ಣು ಮೊದಲಾದವುಗಳ ಲೇಪವುಳ್ಳ ಕಾಗದದಲ್ಲಿ ಶಾಯಿಯು ಮೇಲ್ಗಡೆಯೇ ನಿಂತು ಬಣ್ಣಗಳು ಹೊಳೆಯುತ್ತವೆ. ಚಿತ್ರಗಳಿಗೆ ಅದು ಲೇಸು. ಲೇಪವಿಲ್ಲದ ಕಾಗದವು ಶಾಯಿಯನ್ನು ಹೀರಿ ಬಣ್ಣವನ್ನು ತಗ್ಗಿಸುತ್ತದೆ. ಆದರೆ ಬೆರಳಿಗೆ ನಾರಿನ ಸ್ಪರ್ಶವನ್ನು ಕೊಡುತ್ತದೆ, ಉಬ್ಬಚ್ಚಿಗೂ ಚೆನ್ನಾಗಿ ಒಗ್ಗುತ್ತದೆ. ಅಚ್ಚಿನ ಸ್ವರೂಪವನ್ನು ನೋಡಿ ಕಾಗದವನ್ನು ಆರಿಸುವ ಈ ವಿವೇಕ ಹೊಸದಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಮುದ್ರಕ ಜಾನ್ ಬ್ಯಾಸ್ಕರ್ವಿಲ್ಲನು 1757ರಲ್ಲಿ ವರ್ಜಿಲ್ ಕವಿಯ ಕೃತಿಗಳನ್ನು ಅಚ್ಚಿಸಿದಾಗ, ಗೆರೆಗೆರೆಯಾದ ವಾಡಿಕೆಯ ಕಾಗದದೊಡನೆ ನುಣುಪಾದ ಹೊಸ ಬಗೆಯ ಕಾಗದವನ್ನೂ ಬಳಸಿದನು. ಅವನ ಅಕ್ಷರಗಳ ಕೂದಲೆಳೆಯಂಥ ರೇಖೆಗಳಿಗೆ ಅಂಥ ನುಣುಪೇ ಬೇಕಾಗಿದ್ದಿತು.

ಕಣ್ಣಿಗೊಪ್ಪಿದರೆ ಸಾಲದು, ವಸ್ತುವು ಅನುಭವಿಸುವ ಪಾಡನ್ನೂ ನೆನೆಯಬೇಕು. ಮಂಜುಗಡ್ಡೆಯಲ್ಲಿ ಇಡುವ ದ್ರಾಕ್ಷಾರಸದ ಸೀಸೆಗೆ, ನೆನೆದರೂ ಹರಿಯದಂತೆ ರಾಳ ಬೆರೆಸಿ ತಯಾರಿಸಿದ ಕಾಗದವೇ ಬೇಕು. ಇಲ್ಲವಾದರೆ ಎಷ್ಟು ಸೊಗಸಾದ ಲೇಬಲ್ಲಾದರೂ ಔತಣ ಮುಗಿಯುವ ಮೊದಲೇ ಸುಕ್ಕುಗಟ್ಟಿ ಕಳಚೀತು. ಯಂತ್ರದಲ್ಲಿ ತಯಾರಾದ ರಟ್ಟಿನ ನಾರುಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಅವುಗಳಿಗೆ ಅಡ್ಡಲಾಗಿ ಮಡಿಸಿದರೆ ಮಡಿಕೆಯಲ್ಲಿ ಲೇಪವು ಬಿರಿದು, ಬಣ್ಣದ ನಡುವೆ ಬಿಳಿಯ ಗೆರೆ ಮೂಡುವ ಸಂಭವ ಹೆಚ್ಚು.

ಇನ್ನು ಕಾಗದದ ಮುಂದಿನ ಜನ್ಮದ ವಿಚಾರ. ಮಿರುಗಿಗಾಗಿಯೋ ಮಖಮಲ್ಲಿನ ನಯಕ್ಕಾಗಿಯೋ ಪೆಟ್ಟಿಗೆಗೆಲ್ಲ ಪ್ಲಾಸ್ಟಿಕ್ಕಿನ ತೆಳುಪೊರೆಯನ್ನು ಹೊದಿಸುವುದು ಇಂದು ಸಾಮಾನ್ಯವಾಗಿದೆ. ಆ ಪೊರೆಯಿಂದ ನಾರನ್ನು ಬಿಡಿಸಿ ಮರಳಿ ಕಾಗದವಾಗಿಸುವುದು ಕಷ್ಟದ ಕೆಲಸ. ಗಳಿಗೆಯ ಬೆಡಗಿಗಾಗಿ ಮತ್ತೆ ಕಾಗದವಾಗಬಲ್ಲ ವಸ್ತುವನ್ನು ಕಸವಾಗಿಸುವುದು ಔಚಿತ್ಯವೆನಿಸೀತೆ? ಬರಿಯ ತಿಕ್ಕಾಟದಿಂದ ಅಚ್ಚನ್ನು ಕಾಯುವುದಕ್ಕೆ ನೀರಿನಲ್ಲಿ ಕಲಸಿದ ವಾರ್ನಿಷ್ ಎಷ್ಟೋ ಕಡೆ ಸಾಕಾಗುತ್ತದೆ. ಹೊನ್ನಿನ ಬಣ್ಣದ ಫಾಯಿಲನ್ನು ಮೈತುಂಬ ಬಳಿಯದೆ ಹೆಸರಿನ ಮೇಲಷ್ಟೇ ಒತ್ತಿದರೆ ಅದರ ಕಾಂತಿ ಎದ್ದು ಕಾಣುತ್ತದೆ.

ಆದಕಾರಣ ಆರಿಸುವವರು ಮಾದರಿಯ ಪುಸ್ತಕದ ಚೂರುಗಳನ್ನಷ್ಟೇ ನೋಡಿ ತೀರ್ಮಾನಿಸಬಾರದು. ಉದ್ದೇಶಿತ ಕಾಗದದ ಮೇಲೆಯೇ ಅಚ್ಚಿಸಿ, ಮಡಿಸಿ, ಉಜ್ಜಿ, ಅಗತ್ಯವಿದ್ದರೆ ನೀರಿನಲ್ಲಿ ನೆನೆಸಿಯೂ ನೋಡಬೇಕು. ಆ ಪರೀಕ್ಷೆಯಲ್ಲಿ ಗೆದ್ದುದನ್ನು, ಬೆಲೆ ಕಡಮೆಯೆಂಬ ಕಾರಣಕ್ಕೆ ಕೀಳೆಂದು ಬಗೆಯದೆ ಸ್ವೀಕರಿಸುವುದೇ ಸದಭಿರುಚಿ.