ರಟ್ಟಿನ ರೋಬೋಟ್, ಒಳಗೊಂದು ಮಗು

ಅಕ್ಟೋಬರ್ 31ರ ಸಂಜೆ ಅಮೆರಿಕದ ಬಡಾವಣೆಗಳಲ್ಲಿ ವೇಷ ತೊಟ್ಟು ಮನೆಯಿಂದ ಮನೆಗೆ ಹೋಗಿ ಮಿಠಾಯಿ ಕೇಳುವ ಮಕ್ಕಳ ಗುಂಪಿನಲ್ಲಿ, ದೆವ್ವ, ಮಾಟಗಾತಿ, ಅಸ್ಥಿಪಂಜರಗಳ ನಡುವೆ ಬೆಳ್ಳಿ ಬಣ್ಣದ ಚೌಕ ಮೈಯ ರೋಬೋಟ್ ಕೂಡ ಕಾಣಸಿಗುತ್ತದೆ. ಹ್ಯಾಲೋವೀನ್ ಎಂಬ ಈ ಹಬ್ಬವು ಕ್ರೈಸ್ತರ ಸಕಲ ಸಂತರ ದಿನದ ಮುನ್ನಾ ಸಂಜೆಯ ಆಚರಣೆಯಾಗಿದ್ದು, 19ನೆಯ ಶತಮಾನದಲ್ಲಿ ಐರಿಶ್ ಮತ್ತು ಸ್ಕಾಟಿಶ್ ವಲಸಿಗರೊಡನೆ ಅಮೆರಿಕದಲ್ಲಿ ಬೇರೂರಿತು. ಸತ್ತವರು ಸುಳಿದಾಡುತ್ತಾರೆಂದು ನಂಬಲಾಗಿದ್ದ ಈ ರಾತ್ರಿಗೆ ಯಂತ್ರಮಾನವನು ತೀರಾ ತಡವಾಗಿ ಬಂದ ಅತಿಥಿ. ಆದರೂ ಮನೆಯಲ್ಲೇ ಸಿದ್ಧಪಡಿಸಲು ಅವನಷ್ಟು ಒಗ್ಗುವ ವೇಷ ಇನ್ನೊಂದಿಲ್ಲ.

ಇದಕ್ಕೆ ಕಾರಣ ಅವನ ಹುಟ್ಟಿನಲ್ಲೇ ಇದೆ. ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ‘ಆರ್.ಯು.ಆರ್.’ ನಾಟಕದಿಂದ ‘ರೋಬೋಟ್’ ಎಂಬ ಪದ ಜಗತ್ತಿಗೆ ಪರಿಚಯವಾಯಿತು; ಒಕ್ಕಲುಗಳು ಒಡೆಯನಿಗೆ ಮಾಡಲೇಬೇಕಿದ್ದ ಬಿಟ್ಟಿ ಚಾಕರಿಯನ್ನು ಸೂಚಿಸುವ ‘ರೊಬೊಟಾ’ ಎಂಬ ಜೆಕ್ ಪದದಿಂದ ಅದನ್ನು ರೂಪಿಸಿಕೊಟ್ಟವನು ಚಾಪೆಕನ ಅಣ್ಣ ಯೋಸೆಫ್. ಆ ನಾಟಕದ ರೋಬೋಟ್‌ಗಳು ಲೋಹದವಲ್ಲ, ಕೃತಕ ಜೀವದ್ರವ್ಯದಿಂದ ತಯಾರಾದ ಆಳುಗಳು. ಹೊಳೆಯುವ ಲೋಹದೇಹ ಎಲ್ಲರ ಕಣ್ಣಲ್ಲಿ ನೆಲೆಯೂರಿದ್ದು 1927ರ ಜರ್ಮನ್ ಚಲನಚಿತ್ರ ‘ಮೆಟ್ರೊಪೊಲಿಸ್’ ನಂತರ; ಆದರೆ ಅಲ್ಲಿಯೂ ಶಿಲ್ಪಿ ವಾಲ್ಟರ್ ಶುಲ್ಟ್ಸೆ-ಮಿಟೆನ್‌ಡಾರ್ಫ್ ಬಳಸಿದ್ದು ಲೋಹವನ್ನಲ್ಲ, ಒಣಗಿದಾಗ ಗಟ್ಟಿಯಾಗುವ ಮರದ ಕಣಕವನ್ನು. ನಟಿ ಬ್ರಿಗಿಟೆ ಹೆಲ್ಮಳ ಮೈಯ ಅಚ್ಚಿನ ಮೇಲೆ ಅದನ್ನು ರೂಪಿಸಿ, ಲೋಹದಂತೆ ಕಾಣುವ ಬಣ್ಣ ಬಳಿಯಲಾಗಿತ್ತು. ಯಕ್ಷಗಾನದ ಆಭರಣಗಳು ಹಗುರ ಮರದ ಮೇಲೆ ಬೇಗಡೆ ಹೊದ್ದು ಚಿನ್ನವಾಗುವಂತೆ, ರೋಬೋಟ್ ಕೂಡ ಮೊದಲಿನಿಂದಲೂ ಹಗುರ ಚಿಪ್ಪಿಗೆ ಲೋಹದ ತೋರಿಕೆ ಕೊಟ್ಟ ವೇಷವೇ.

ಮನೆಯ ಕೆಲಸಕ್ಕೆ ಆ ಚಿಪ್ಪು ಕಾರ್ಟನ್ ಡಬ್ಬ. ಅದರ ರಟ್ಟಿನ ಕತ್ತರಿಸಿದ ಅಂಚನ್ನು ಕಣ್ಣಿನ ಹತ್ತಿರ ಹಿಡಿದರೆ, ಎರಡು ಚಪ್ಪಟೆ ಹಾಳೆಗಳ ನಡುವೆ ಅಲೆಅಲೆಯಾಗಿ ಮಡಿಸಿ ಅಂಟಿಸಿದ ಮೂರನೆಯ ಹಾಳೆಯೊಂದು ಕಾಣುತ್ತದೆ. ಡಬ್ಬದ ಗೋಡೆಗಳಲ್ಲಿ ಈ ಅಲೆಗಳ ಸಾಲು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಇರುವುದರಿಂದಲೇ ಅದು ಭಾರ ಹೊರುತ್ತದೆ. ಅಲೆಗಳ ಗುಂಟ ಮಡಿಸಿದರೆ ರಟ್ಟು ನೇರವಾಗಿ ಬಾಗುತ್ತದೆ, ಅಡ್ಡಲಾಗಿ ಮಡಿಸಿದರೆ ಸೊಟ್ಟಗೆ ಸುಕ್ಕುಗಟ್ಟುತ್ತದೆ. ಆದ್ದರಿಂದ ಡಬ್ಬವನ್ನು ನಿಂತ ಹಾಗೆಯೇ ಉಳಿಸಿಕೊಂಡು, ತಳವನ್ನು ತೆಗೆದುಹಾಕಿ, ಮೇಲ್ಭಾಗದಲ್ಲಿ ತಲೆಗೂ ಪಕ್ಕಗಳಲ್ಲಿ ತೋಳುಗಳಿಗೂ ಕಂಡಿ ಕೊರೆಯುವುದು ಸರಿಯಾದ ಕ್ರಮ. ಅಕ್ಟೋಬರ್ ಕೊನೆಯ ರಾತ್ರಿ ಅಮೆರಿಕದ ಉತ್ತರ ರಾಜ್ಯಗಳಲ್ಲಿ ಚಳಿ ಇರುವುದರಿಂದ ಸ್ವೆಟರ್ ತೊಡಿಸಿಯೇ ಮಗುವಿನ ಅಳತೆ ತೆಗೆಯಬೇಕು. ಡಬ್ಬದ ಭಾರವೆಲ್ಲ ಹೆಗಲ ಮೇಲೆ ಕೂರುತ್ತದೆಯಾದ್ದರಿಂದ ಒಳಗೆ ಎರಡು ತುಂಡು ಸ್ಪಂಜು ಅಂಟಿಸುವುದು ಅಲಂಕಾರಕ್ಕಿಂತ ಮೊದಲು ಆಗಬೇಕಾದ ಕೆಲಸ.

ಹೊದಿಕೆಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಆದರೆ ಕೈ ಆಡುವ ಕಂಡಿಯ ಅಂಚಿನಲ್ಲಿ ಅದು ಮೊದಲು ಹರಿಯುವುದರಿಂದ ಅಂಚನ್ನು ದಾಟಿಸಿ ಒಳಕ್ಕೆ ಮಡಿಸಿ ಟೇಪು ಹಚ್ಚಬೇಕಾಗುತ್ತದೆ. ಬಾಟಲಿ ಮುಚ್ಚಳಗಳ ಗುಂಡಿ, ಕಾಗದದ ತಟ್ಟೆಯ ಮಾಪಕಗಳನ್ನು ಮಗುವೇ ತನಗೆ ತೋಚಿದಲ್ಲಿ ಅಂಟಿಸುವುದು ಒಳ್ಳೆಯದು. ದೊಡ್ಡವರು ಅಳೆದು ಜೋಡಿಸಿದ ಸಾಲಿಗಿಂತ ಅದರಲ್ಲಿ ಜೀವ ಹೆಚ್ಚು.

ವೇಷ ಸೋಲುವುದು ಬಹುಮಟ್ಟಿಗೆ ಕೂರುವಾಗ. ಡಬ್ಬವು ತೊಡೆಯವರೆಗೆ ಇಳಿದಿದ್ದರೆ ಕುರ್ಚಿಯಲ್ಲಿ ಕುಳಿತೊಡನೆ ಅದು ಮೇಲೆದ್ದು ಗದ್ದಕ್ಕೆ ಬಡಿಯುತ್ತದೆ. ದೊಡ್ಡ ಸ್ಟುಡಿಯೋಗಳಿಗೂ ಈ ತೊಡಕು ತಪ್ಪಿರಲಿಲ್ಲ: 1939ರ ‘ದಿ ವಿಜರ್ಡ್ ಆಫ್ ಆಜ್’ ಚಿತ್ರದಲ್ಲಿ ತಗಡಿನ ಮನುಷ್ಯನಾದ ಜ್ಯಾಕ್ ಹೇಲಿಗೆ ವೇಷದಲ್ಲಿ ಕೂರಲಾಗದೆ, ಬಿಡುವಿನಲ್ಲಿ ಓರೆಯಾದ ಹಲಗೆಗೆ ಒರಗಿ ದಣಿವಾರಿಸಿಕೊಳ್ಳಬೇಕಾಗುತ್ತಿತ್ತು. ಆ ಪಾತ್ರದಲ್ಲಿ ಹೇಲಿಗಿಂತ ಮೊದಲು ಇದ್ದ ನಟ ಬಡ್ಡಿ ಎಬ್ಸನ್ ಪ್ರಸಾಧನದ ಅಲ್ಯೂಮಿನಿಯಂ ಪುಡಿ ಉಸಿರಿನೊಡನೆ ಒಳಹೋಗಿ ಆಸ್ಪತ್ರೆ ಸೇರಿದನು. ಮಗುವಿನ ಡಬ್ಬ ಸೊಂಟದಲ್ಲೇ ನಿಲ್ಲಬೇಕು. ಬೆಳ್ಳಿ ಬಣ್ಣದ ಸ್ಪ್ರೇಯನ್ನು ಡಬ್ಬಕ್ಕೆ ಬಯಲಿನಲ್ಲಿ ಹೊಡೆಯಬಹುದೇ ಹೊರತು ಮುಖಕ್ಕೆ ಎಂದಿಗೂ ಹೊಡೆಯಬಾರದು.

ತಲೆಯ ಡಬ್ಬದಲ್ಲಿ ಎರಡು ಪುಟ್ಟ ಕಣ್ಣುಗಳನ್ನಷ್ಟೇ ಕೊರೆದರೆ ಅಕ್ಕಪಕ್ಕದ ವಾಹನವೂ ಕಾಲಡಿಯ ಮೆಟ್ಟಿಲೂ ಮಗುವಿಗೆ ಕಾಣುವುದಿಲ್ಲ. ಮುಂಭಾಗವನ್ನು ಹಣೆಯಿಂದ ಗದ್ದದವರೆಗೆ ಪೂರ್ತಿ ತೆರೆದಿಡುವುದೇ ಲೇಸು. ಎದೆಯ ದೀಪಕ್ಕೆ ಎಲ್ಇಡಿ ಬಳಸುವಾಗ ಗುಂಡಿಯಾಕಾರದ ಪುಟ್ಟ ಬ್ಯಾಟರಿಯಿರುವ ಪೆಟ್ಟಿಗೆ ಸ್ಕ್ರೂ ಹಾಕಿ ಮುಚ್ಚುವಂತಿರಬೇಕು, ಏಕೆಂದರೆ ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ತೀವ್ರವಾಗಿ ಸುಡಬಲ್ಲದು.

ತೋಳುಗಳಿಗೆ ಅಮೆರಿಕದ ಮನೆಗಳಲ್ಲಿ ಸಲೀಸಾಗಿ ದೊರೆಯುವುದು ಬಟ್ಟೆ ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ಹೊರಗೆ ಸಾಗಿಸುವ, 4 ಅಂಗುಲ ವ್ಯಾಸದ, ಹಿಗ್ಗುವ ಕುಗ್ಗುವ ಅಲ್ಯೂಮಿನಿಯಂ ಕೊಳವೆ. ಮೊಣಕೈ ಮಡಿಸಿದಾಗ ಅದರ ಸುಕ್ಕುಗಳು ಒಂದು ಬದಿಯಲ್ಲಿ ಒತ್ತಿ ಇನ್ನೊಂದು ಬದಿಯಲ್ಲಿ ಬಿಚ್ಚಿಕೊಳ್ಳುವುದನ್ನು ಕಂಡರೆ ಯಂತ್ರವೇ ಕೈ ಎತ್ತಿದಂತೆ ತೋರುತ್ತದೆ. ಕತ್ತರಿಸಿದ ತುದಿ ಬ್ಲೇಡಿನಷ್ಟು ಹರಿತವಾದ್ದರಿಂದ ಅದಕ್ಕೆ ಎರಡು ಸುತ್ತು ದಪ್ಪ ಟೇಪು ಬೇಕು, ಮತ್ತು ಕೊಳವೆ ಮಣಿಕಟ್ಟಿಗೇ ಮುಗಿಯಬೇಕು. ಮಿಠಾಯಿಯ ಚೀಲ ಹಿಡಿಯಲು ರೋಬೋಟಿಗೂ ಐದು ಬೆರಳು ಬೇಕಾಗುತ್ತವೆ.