21 ಕಿಲೋಮೀಟರ್ ಓಟ: ಮಾತಾಡುತ್ತಾ ಓಡಿದರೆ ಸಾಕು

ಹಾಫ್ ಮ್ಯಾರಥಾನ್ ಎಂದರೆ 21.0975 ಕಿಲೋಮೀಟರ್ ಓಟ. 42.195 ಕಿ.ಮೀ.ಯ ಪೂರ್ಣ ಮ್ಯಾರಥಾನ್‌ನ ಸರಿಯಾದ ಅರ್ಧ. ಈ ಅಂಕಿ ಕೇಳಿದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಯಾವ ಮನೆಯಲ್ಲೂ ಬರುವ ಉತ್ತರ ಒಂದೇ: ‘ಅದು ಪೊಲೀಸ್ ನೇಮಕಾತಿಗೆ ತಯಾರಾಗುವ ಹುಡುಗರಿಗೆ. ನಮಗೇಕೆ?’

ಆದರೆ ಓಟದ ಅಗತ್ಯ ಹೆಚ್ಚಾಗಿರುವುದು ಆ ಹುಡುಗರಿಗಲ್ಲ. ದಿನವಿಡೀ ಅಂಗಡಿಯ ಗಲ್ಲಾದಲ್ಲಿ ಕೂರುವ ತಂದೆಗೆ, ಅಡುಗೆಮನೆಯಲ್ಲೇ ದಿನ ಮುಗಿಸುವ ತಾಯಿಗೆ. ಶುಗರ್, ಬಿಪಿ ಮೊದಲು ಬರುವುದು ಇಂಥವರ ಬಳಿಗೇ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಗುರಿ ಇಟ್ಟುಕೊಂಡು ಖುಷಿಯಿಂದ ಓಡುವವರಿಗೆ ಈ 150 ನಿಮಿಷ ಭಾರವೆನಿಸುವುದಿಲ್ಲ.

ವೇಗ ಬೇಡ

ಹೊಸಬರು ಎರಡೇ ವಾರದಲ್ಲಿ ಓಟ ಬಿಡುವುದಕ್ಕೆ ಮುಖ್ಯ ಕಾರಣ ಅತಿ ವೇಗ. ಸರಿಯಾದ ವೇಗ ತಿಳಿಯಲು ದುಬಾರಿ ವಾಚ್ ಬೇಕಿಲ್ಲ. ಪಕ್ಕದಲ್ಲಿ ಓಡುವವರೊಂದಿಗೆ ಪೂರ್ತಿ ವಾಕ್ಯ ಮಾತಾಡಲು ಸಾಧ್ಯವಾದರೆ ವೇಗ ಸರಿಯಿದೆ. ಒಂದೊಂದೇ ಪದ ಏದುಸಿರಿನಲ್ಲಿ ಬರುತ್ತಿದ್ದರೆ ನಿಧಾನಿಸಿ. ಕಿಲೋಮೀಟರಿಗೆ ಎಂಟು ನಿಮಿಷ ತೆಗೆದುಕೊಂಡರೂ ಮೂರು ಗಂಟೆಯೊಳಗೆ 21 ಕಿ.ಮೀ. ಮುಗಿಯುತ್ತದೆ.

ನಡುವೆ ನಡೆಯುವುದು, ನಿಲ್ಲುವುದು ಸೋಲಲ್ಲ. ಡಚ್ ಓಟಗಾರ್ತಿ ಸಿಫಾನ್ ಹಸನ್ 2023ರ ಏಪ್ರಿಲ್ 23ರಂದು ಲಂಡನ್‌ನಲ್ಲಿ ತನ್ನ ಮೊದಲ ಪೂರ್ಣ ಮ್ಯಾರಥಾನ್ ಓಡಿದರು. ರಮಝಾನ್ ಮುಗಿದು ಎರಡೇ ದಿನವಾಗಿತ್ತು. ಉಪವಾಸದ ತಿಂಗಳಲ್ಲೇ ಅವರು ತಯಾರಿ ನಡೆಸಿದ್ದರು. ಓಟದ ನಡುವೆ ಸೊಂಟ ಹಿಡಿದುಕೊಂಡಾಗ ನಿಂತು, ಕಾಲು ಚಾಚಿ ಸಡಿಲಿಸಿಕೊಂಡು, ಮತ್ತೆ ಓಡಿ ಮೊದಲಿಗರಾದರು. ವಿಶ್ವದ ಶ್ರೇಷ್ಠ ಓಟಗಾರ್ತಿಯೇ ನಿಲ್ಲಬಹುದಾದರೆ ನಾವು ನಿಂತರೆ ನಾಚಿಕೆಯೇನು?

ಆರು ತಿಂಗಳ ತಯಾರಿ

ಮೊದಲ ನಾಲ್ಕು ವಾರ, ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಹತ್ತು ಸಲ. ಮುಂದಿನ ನಾಲ್ಕು ವಾರ ಓಟದ ನಿಮಿಷ ಹೆಚ್ಚಿಸುತ್ತಾ 5 ಕಿ.ಮೀ. ತಲುಪಿ. ಆಮೇಲೆ ವಾರಕ್ಕೆ ಒಂದು ದಿನ ಮಾತ್ರ ಉದ್ದದ ಓಟ. ಅದಕ್ಕೆ ಪ್ರತಿ ವಾರ ಒಂದು ಕಿಲೋಮೀಟರ್ ಸೇರಿಸಿ. ಉಳಿದೆರಡು ದಿನ 4-5 ಕಿ.ಮೀ. ಸಾಕು. ನಾಲ್ಕು ವಾರಕ್ಕೊಮ್ಮೆ ದೂರ ಕಡಿಮೆ ಮಾಡಿ ದೇಹಕ್ಕೆ ವಿಶ್ರಾಂತಿ ಕೊಡಿ. 16 ಕಿ.ಮೀ. ಮುಟ್ಟಿದವರು 21ನ್ನೂ ಮುಟ್ಟಬಲ್ಲರು. ಕೊನೆಯ ಎರಡು ವಾರ ಓಟ ಕಡಿಮೆ, ನಿದ್ದೆ ಹೆಚ್ಚು.

ನಮ್ಮ ಭಾಗದಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ದಾಟುತ್ತದೆ. ಆದ್ದರಿಂದ ಸೆಪ್ಟೆಂಬರ್‌ಗೆ ಮೊದಲೇ ಆರಂಭಿಸಿ ಚಳಿಗಾಲದಲ್ಲಿ ಓಡುವುದು ಒಳ್ಳೆಯದು. ಹೈದರಾಬಾದ್ ಮ್ಯಾರಥಾನ್ ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ನಡೆಯುತ್ತದೆ. ವಾಡಿ, ಚಿತ್ತಾಪುರ, ಸೇಡಂನಿಂದ ರೈಲು ಹತ್ತಿ ಹೋಗಬಹುದು. ಆದರೆ ಅದಕ್ಕೆ ಸಿದ್ಧರಾಗುವವರು ಏಪ್ರಿಲ್, ಮೇ ಬಿಸಿಲಿನಲ್ಲಿ ದೂರ ಹೆಚ್ಚಿಸಬೇಕಾಗುತ್ತದೆ. ಅದು ಎರಡನೆಯ ಓಟಕ್ಕಿರಲಿ. ಮೊದಲನೆಯದನ್ನು ಜನವರಿಯ ಒಂದು ಮುಂಜಾನೆ ಊರಲ್ಲೇ ಓಡಿ.

ಎಲ್ಲಿ, ಯಾವಾಗ?

ಫಜ್ರ್ ನಮಾಝಿನ ನಂತರದ ಹೊತ್ತು ಓಟಕ್ಕೆ ಹೇಳಿ ಮಾಡಿಸಿದಂತಿದೆ: ಗಾಳಿ ತಂಪು, ರಸ್ತೆ ಖಾಲಿ. ಸೇಡಂ, ವಾಡಿ, ಶಹಾಬಾದ್ ಸುತ್ತ ಸಿಮೆಂಟ್ ಮತ್ತು ಕಲ್ಲಿನ ಲಾರಿಗಳು ಓಡಾಡುವ ಮುಖ್ಯರಸ್ತೆಗಳಿಗೆ ಇಳಿಯಬೇಡಿ. ಅಲ್ಲಿ ಅಪಾಯವೂ ಇದೆ, ಧೂಳೂ ಇದೆ. ಶಾಲೆ, ಕಾಲೇಜಿನ ಮೈದಾನ, ಊರ ಹೊರಗಿನ ಹೊಲದ ದಾರಿ ಸೂಕ್ತ. ಒಣಗಿದ ಕಪ್ಪು ಮಣ್ಣಿನ ದಾರಿ ಮಂಡಿಗೆ ಕಾಂಕ್ರೀಟಿಗಿಂತ ಮೃದು. ಮಳೆ ಬಂದ ಮರುದಿನ ಮಾತ್ರ ಅದು ಬೂಟಿಗೆ ಅಂಟುತ್ತದೆ. ಚಿಂಚೋಳಿಯ ಕಾಡಿನ ಕಡೆ ಏರಿಳಿತ ಹೆಚ್ಚು. ಅಲ್ಲಿ ಒಬ್ಬರೇ ಹೋಗಬೇಡಿ. ರಸ್ತೆಯಲ್ಲಿ ಓಡುವುದಾದರೆ ಎದುರಿನಿಂದ ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಓಡಿ.

ಹೆಣ್ಣುಮಕ್ಕಳೂ ಓಡಲಿ

ಪ್ರವಾದಿ(ಸ) ಅವರು ಪತ್ನಿ ಆಯಿಶಾ(ರ) ಅವರೊಂದಿಗೆ ಓಟದ ಪಂದ್ಯ ನಡೆಸಿದ್ದು ಅಬೂದಾವೂದ್ ಹದೀಸ್ ಗ್ರಂಥದಲ್ಲಿ ವರದಿಯಾಗಿದೆ. ನಾಲ್ಕೈದು ಮಹಿಳೆಯರು ಗುಂಪಾಗಿ ಮೈದಾನಕ್ಕೆ ಹೋದರೆ ಸಂಕೋಚವೂ ಕಡಿಮೆ, ಸುರಕ್ಷತೆಯೂ ಹೆಚ್ಚು. ಅಮ್ಮಿ ಓಡುವಾಗ ಮಗ ನೀರಿನ ಬಾಟಲಿ ಹಿಡಿದು ಸೈಕಲ್‌ನಲ್ಲಿ ಜೊತೆಗೆ ಬರಲಿ. ಅಂದಿನ ಬೆಳಗಿನ ಚಹಾ ಅಬ್ಬಾ ಮಾಡಲಿ. ದಪ್ಪ ಹತ್ತಿ ಬಟ್ಟೆ ಬೆವರಿನಲ್ಲಿ ಒದ್ದೆಯಾಗಿ ಚರ್ಮ ಉಜ್ಜುತ್ತದೆ. ಸಡಿಲವಾದ, ಬೇಗ ಒಣಗುವ ತೆಳು ಬಟ್ಟೆ ಮತ್ತು ಹಗುರ ಸ್ಕಾರ್ಫ್ ಒಳ್ಳೆಯದು. ಬೂಟನ್ನು ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಬೆರಳಿನ ಮುಂದೆ ಹೆಬ್ಬೆರಳಿನಷ್ಟು ಜಾಗವಿರಲಿ.

ಆಹಾರ, ನೀರು, ಉಪವಾಸ

ಉದ್ದದ ಓಟಕ್ಕೆ ಮುನ್ನ ಒಂದು ಬಾಳೆಹಣ್ಣು ಅಥವಾ ಎರಡು ಖರ್ಜೂರ ಸಾಕು. ಓಟದ ನಂತರ ಪ್ಯಾಕೆಟ್ ಪುಡಿಗಳ ಅಗತ್ಯವಿಲ್ಲ. ಜೋಳದ ರೊಟ್ಟಿ, ನಮ್ಮದೇ ತೊಗರಿಬೇಳೆ, ಮೊಟ್ಟೆ, ಮೊಸರು ಇವೆಲ್ಲ ಮನೆಯಲ್ಲೇ ಇವೆ. ಬಾಯಾರಿದಾಗ ಗುಟುಕು ಗುಟುಕಾಗಿ ನೀರು ಕುಡಿಯಿರಿ. ಒಮ್ಮೆಲೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಕುಸಿದು ಅಪಾಯವಾಗಬಹುದು. ಹೆಚ್ಚು ಬೆವರಿದ ದಿನ ಓಆರ್‌ಎಸ್ ಉತ್ತಮ.

ರಮಝಾನ್ ನಡುವೆ ಬಂದರೆ ದೂರ ಹೆಚ್ಚಿಸಬೇಡಿ. ಇಫ್ತಾರ್‌ಗೆ ಅರ್ಧ ಗಂಟೆ ಮುಂಚೆ ನಿಧಾನಕ್ಕೆ 20 ನಿಮಿಷ ಓಡಿದರೆ ತಕ್ಷಣ ನೀರು ಸಿಗುತ್ತದೆ. ಬಿಸಿಲಿನ ದಿನಗಳಾದರೆ ತರಾವೀಹ್ ನಂತರ ನಡಿಗೆ ಸಾಕು.

ಯಾರು ಎಚ್ಚರ ವಹಿಸಬೇಕು?

ಶುಗರ್, ಬಿಪಿ, ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಆರಂಭಿಸಬಾರದು. 40 ದಾಟಿದವರೂ ಒಮ್ಮೆ ತಪಾಸಣೆ ಮಾಡಿಸಿಕೊಂಡರೆ ಒಳ್ಳೆಯದು. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರ ಜೇಬಿನಲ್ಲಿ ಸಕ್ಕರೆ ಅಥವಾ ಖರ್ಜೂರ ಇರಲೇಬೇಕು. ಓಡಿ ಬಂದ ಮೇಲೆ ಪಾದಗಳಲ್ಲಿ ಗುಳ್ಳೆ, ಗಾಯ ಇದೆಯೇ ನೋಡಿಕೊಳ್ಳಿ. ಎದೆ ನೋವು, ತಲೆ ಸುತ್ತು ಬಂದರೆ ಓಟ ಅಲ್ಲಿಗೇ ನಿಲ್ಲಿಸಿ. ಜೊತೆಯವರು ತಡವರಿಸಿ ಮಾತಾಡಿದರೆ, ಗೊಂದಲದಲ್ಲಿದ್ದರೆ ಅದು ಬಿಸಿಲಿನ ಆಘಾತವಿರಬಹುದು. ನೆರಳಿಗೆ ಕರೆದೊಯ್ದು ಮೈಗೆ ನೀರು ಹಾಕಿ, ಗಾಳಿ ಬೀಸಿ, 108ಕ್ಕೆ ಕರೆ ಮಾಡಿ.

ಓಟದ ದಿನ ಮೊದಲ 5 ಕಿ.ಮೀ. ಬೇಕೆಂದೇ ನಿಧಾನವಾಗಿ ಓಡಿ. ಐದೈದು ಕಿ.ಮೀ.ಗೆ ಮನೆಯವರೊಬ್ಬರು ನೀರು, ಖರ್ಜೂರ ಹಿಡಿದು ನಿಂತಿರಲಿ. ಎಷ್ಟು ಗಂಟೆಯಾಯಿತು ಎಂದು ಯಾರೂ ಕೇಳುವುದು ಬೇಡ. ಮರುವಾರವೂ ಬೂಟು ಹಾಕಿಕೊಳ್ಳುವ ಮನಸ್ಸು ಉಳಿದಿದ್ದರೆ ಆ ಓಟ ಗೆದ್ದಂತೆಯೇ.