ಖಾಲಿ ಹಾಳೆಯ ಅಂಜಿಕೆ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ವಿದ್ಯಾರ್ಥಿಗಳ ಕೈಯಲ್ಲಿ ನೋಟುಬುಕ್ಕು ಇದ್ದೇ ಇರುತ್ತದೆ. ಅದನ್ನು ಬಳಸುವ ಬಗೆಯನ್ನು ಯಾರೂ ಕಲಿಸಬೇಕಾಗಿಲ್ಲ. ತೆರೆದರಾಯಿತು, ಬರೆದರಾಯಿತು. ಅದೇ ವಿದ್ಯಾರ್ಥಿ ಲ್ಯಾಪ್‌ಟಾಪಿನಲ್ಲಿ ಟಿಪ್ಪಣಿ ಬರೆಯುವ ತಂತ್ರಾಂಶವನ್ನು ಮೊದಲ ಸಲ ತೆರೆದಾಗ ಕಾಣುವುದೇನು? ಇಂಗ್ಲಿಷಿನ ಹತ್ತಾರು ಗುಂಡಿಗಳು, ನಡುವೆ ಒಂದು ಖಾಲಿ ಹಾಳೆ. ಕನ್ನಡ ಮಾಧ್ಯಮದಲ್ಲಿ ಓದಿದವರು ‘ಇದು ನಮ್ಮಂಥವರಿಗಲ್ಲ’ ಎಂದು ಮುಚ್ಚಿಬಿಡುತ್ತಾರೆ. ವರ್ಷದ ಟಿಪ್ಪಣಿಗಳಲ್ಲಿ ಬೇಕಾದ ಸಾಲನ್ನು ಕ್ಷಣದಲ್ಲಿ ಹುಡುಕಿಕೊಡುವ ಸಾಧನವೊಂದು ಹೀಗೆ ಕೈತಪ್ಪುತ್ತದೆ.

ತಪ್ಪು ವಿದ್ಯಾರ್ಥಿಯದಲ್ಲ, ಬಾಗಿಲಿನದು.

ಐಬಿಎಂ ಸಂಸ್ಥೆಯ ಸಂಶೋಧಕ ಜಾನ್ ಕ್ಯಾರೊಲ್ ಮತ್ತು ಅವರ ಸಹೋದ್ಯೋಗಿ 1984ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಬರವಣಿಗೆಯ ತಂತ್ರಾಂಶವೊಂದರಲ್ಲಿ ಹೊಸಬರಿಗೆ ಬೇಡವಾದ ಸೌಲಭ್ಯಗಳಿಗೆ ಅವರು ಬೀಗ ಹಾಕಿದ್ದರು. ಕಲಿಯುವವರು ಬೇಗ ಕೆಲಸ ಆರಂಭಿಸಿದರು. ತಪ್ಪು ತಿದ್ದುವುದರಲ್ಲಿ ಕಳೆದ ಸಮಯವೂ ಕಡಿಮೆಯಾಯಿತು. ಸೈಕಲ್ ಕಲಿಯುವ ಮಗುವಿಗೆ ಹಿಂದಿನ ಎರಡು ಪುಟ್ಟ ಗಾಲಿಗಳು ಆಸರೆಯಾಗುವಂತೆ!

ಕನ್ನಡದಲ್ಲಿ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೂ ಹೊಸಬರಿಗೆ ಇಂಥದೇ ಆಸರೆ. ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡ ಮೂಡುತ್ತದೆ. ‘ಕೆ’ ಒತ್ತಿದರೆ ಕ, ಶಿಫ್ಟ್ ಜೊತೆಗೆ ಒತ್ತಿದರೆ ಖ. ಮುಂದೆ ‘ನುಡಿ’ ತಂತ್ರಾಂಶವೂ ಈ ಮಾದರಿಯನ್ನೇ ಅನುಸರಿಸಿತು. ಆದರೂ ಹೊಸಬರು ಎಡವುವ ಜಾಗ ಇದ್ದೇ ಇದೆ. ಇದರಲ್ಲಿ ಡ ಅಕ್ಷರ ಇರುವುದು ‘ಡಬ್ಲ್ಯೂ’ ಕೀಲಿಯಲ್ಲಿ. ಅದನ್ನು ತಿಳಿಯದೆ ‘ಡಿ’ ಒತ್ತಿದರೆ ಧಾರವಾಡ ಹೋಗಿ ‘ಧಾರವಾದ’ ಆಗುತ್ತದೆ! ‘ಡ ಬೇಕಾದರೆ ಡಬ್ಲ್ಯೂ ಒತ್ತಿ’ ಎಂಬ ಒಂದೇ ಸಾಲು ಪರದೆಯ ಮೇಲಿದ್ದರೆ ಎಷ್ಟು ಬೇಸರ ತಪ್ಪೀತು?

ತಂತ್ರಾಂಶ ರೂಪಿಸುವವರು ಗಮನಿಸಬೇಕಾದದ್ದು ಇದನ್ನೇ. ಮೊದಲ ಹಾಳೆ ಖಾಲಿ ಇರಬಾರದು. ‘ಜಾಪ್ಲಿನ್’ ಎಂಬ ಉಚಿತ ತಂತ್ರಾಂಶ ಸ್ವಾಗತದ ಟಿಪ್ಪಣಿಗಳೊಂದಿಗೇ ತೆರೆದುಕೊಳ್ಳುತ್ತದೆ. ಅಂಥ ಮಾದರಿ ಟಿಪ್ಪಣಿ ಕನ್ನಡದಲ್ಲಿರಲಿ. ಓದಿ, ತಿದ್ದಿ, ಅಳಿಸಿ ನೋಡುವಂತಿರಲಿ. ಬರೆದದ್ದು ತಾನಾಗಿಯೇ ಉಳಿಯಲಿ. ಉಳಿದ ಸೌಲಭ್ಯಗಳು ಬೇಕಾದಾಗ ಕಾಣಿಸಿಕೊಳ್ಳಲಿ.

ಪಾಲಕರೂ ಮೊದಲ ದಿನವೇ ಎಲ್ಲವನ್ನೂ ಕಲಿಸಲು ಹೊರಡಬಾರದು. ಅಂದಿನ ಪಾಠದ ಒಂದೇ ಸಾಲನ್ನು ಮಗು ಬರೆಯಲಿ. ಮರುದಿನ ಅದನ್ನು ತಾನೇ ಹುಡುಕಿ ತೆಗೆಯಲಿ. ಆ ಸಾಲು ಸಿಕ್ಕಿತೆಂದರೆ ಅಂಜಿಕೆ ಅರ್ಧ ಕಳೆದಂತೆ. ಎರಡನೆಯ ಸಾಲನ್ನು ಬರೆ ಎಂದು ಯಾರೂ ಹೇಳಬೇಕಾಗುವುದಿಲ್ಲ.